ಹಾಯಿದೋಣಿಗೆ ಒಡೆದ ಬೂದುಗುಂಬಳ

ಅಬ್ಬಿಗೆರೆಯ ನಮ್ಮ ಹೊಲವೆಲ್ಲ ಸೈಟಾದ ಮೇಲೆ ನನ್ನ ತಮ್ಮನಿಗೆ ಮಾಡಲು ಕೆಲಸವಿರಲಿಲ್ಲ. ತಲೆಗೆ ಹುಳ ಹೊಕ್ಕಿತು. ಹೊನ್ನಾವರದಿಂದ ಭಟ್ಕಳಕ್ಕೆ ಹಾಯಿದೋಣಿಯಲ್ಲಿ ಹೋಗಬೇಕಂತೆ. ಹಿಂದೆ ರಾಜರ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಂತೆ ಅವು. ಊರಿನ ಕೆರೆ ಏರಿಯ ಮೇಲೆ ನಡೆದರೆ ಏದುಸಿರು ಬಿಡುವವನು ಇವನು. ಹೆಂಡತಿಯನ್ನೂ ನನ್ನನ್ನೂ ಹೊರಡಿಸಿದ.

ಅವನೊಬ್ಬನನ್ನೇ ಹಳಿದರೆ ತಪ್ಪಾಗುತ್ತದೆ. ಯಶವಂತಪುರದಲ್ಲಿ ರೈಲು ಹತ್ತಿ, ಬೂದುಗುಂಬಳಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ನಾನೇ. ನಮ್ಮಲ್ಲಿ ಟ್ರ್ಯಾಕ್ಟರಿರಲಿ, ಕಾರಿರಲಿ, ದೃಷ್ಟಿ ತೆಗೆಯದೆ ಹತ್ತುವುದಿಲ್ಲ.

ಹೊನ್ನಾವರದ ಬಂದರಿನಲ್ಲಿ, ನಾವು ಬಾಡಿಗೆಗೆ ಹಿಡಿದ ಹಾಯಿದೋಣಿಯವರು ದಡಕ್ಕೆ ಕಟ್ಟಿದ ಹಗ್ಗ ಬಿಚ್ಚಲು ಇಳಿದಿದ್ದರು. ವಯಸ್ಸಾದವರು ಒಬ್ಬರೇ, ಜೊತೆಗೆ ಆಳು ಯಾರೂ ಇಲ್ಲ. ತಮ್ಮ ಕೇಳಿದ:

“ಅಕ್ಕಾ, ಕಾರಾದ್ರೆ ಮುಂದ್ಗಡೆ ಒಡೀತೀವಿ. ಇದ್ರ ಮುಂದೆ ಬರೀ ನೀರೈತಲ್ಲ?”

“ಒಳಗೇ ಒಡಿಯೋ, ಯೋಚ್ನೆ ಮಾಡ್ಕಂಡು ನಿಂತವ್ನೆ.”

ಒಡೆದ. ಕುಂಕುಮ ಕಲಸಿದ ತಿರುಳು ಹಲಗೆಯ ತುಂಬ ಹರಡಿತು. ದೋಣಿಯವರು ಬೈದಾರೆಂದು ಅದನ್ನು ಕಾಲಿನಿಂದ ಹಾಯಿಕಂಬದ ಬುಡಕ್ಕೆ ನೂಕಿ ಮೇಲೆ ಚಾಪೆ ಎಳೆದ. ನಾನು ನೋಡಿಯೂ ಸುಮ್ಮನಿದ್ದೆ.

ಮಧ್ಯಾಹ್ನದವರೆಗೆ ಗಾಳಿ ಚೆನ್ನಾಗಿತ್ತು. ತಮ್ಮ ಎರಡು ಸಲ ವಾಂತಿ ಮಾಡಿದ, ಉಳಿದ ಹೊತ್ತು ಕುದುರೆಯ ಕಥೆ ಹೇಳಿದ. ಭಟ್ಕಳ ಕಂಡಿತು. ದೋಣಿಯನ್ನು ಬಂದರಿನತ್ತ ತಿರುಗಿಸಲು ಹಾಯಿಯ ಹಗ್ಗ ಎಳೆಯಬೇಕೆಂದು ದೋಣಿಯವರು ಎದ್ದು ಓಡಿದರು. ಚಾಪೆಯ ಮೇಲೆ ಕಾಲಿಟ್ಟದ್ದೇ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಸೊಟ್ಟಗಾಯಿತು.

“ಎಂತ ಇಟ್ಟಿದ್ರಿ ಮಾರಾಯ್ರೆ ಇದರಡಿಗೆ?” ಎಂದು ಕೂಗುತ್ತ ತೆವಳಿ ಹೋಗಿ ಎಡಗೈಯಲ್ಲಿ ಚುಕ್ಕಾಣಿ ಹಿಡಿದರು. “ಆ ಹಗ್ಗ ಎಳೀರಿ! ಇಲ್ದಿದ್ರೆ ದೋಣಿ ಬಂಡೆಗೇ ಹೋಗ್ತದೆ!”

ತಮ್ಮ ಎಳೆದ. ಅಂಗೈ ಉರಿಯಿತೆಂದು ಬಿಟ್ಟುಬಿಟ್ಟ. ಬಂಡೆಯ ಮೇಲಿನ ಪಾಚಿ ಕಾಣುವಷ್ಟು ಹತ್ತಿರ ಬಂದಿದ್ದೆವು.

“ಅತ್ಲಾಗೆ ಓಗೋ, ಸೈಟ್ ಮಾರೋ ಕೈ ಅದು,” ಎಂದು ಅವನನ್ನು ತಳ್ಳಿದೆ. ನಾನೂ ಅವನ ಹೆಂಡತಿಯೂ ಬಾವಿಯಲ್ಲಿ ನೀರು ಸೇದಿ ಬೆಳೆದವರು. ಕಾಲು ಒದೆಗೊಟ್ಟು, ಮೈಭಾರ ಬಿಟ್ಟು, ಕೈ ಮುಂದೆ ಕೈ ಹಾಕಿ ಎಳೆದೆವು. ದೋಣಿ ತಿರುಗಿತು.

ದಡದಲ್ಲಿ ತಮ್ಮ ಫೋನ್ ಹಿಡಿದು, “ನಾನೇ ಎಳ್ದೆ ಮಗಾ,” ಎನ್ನುತ್ತಿದ್ದ. ಫೋನ್ ಕಿತ್ತುಕೊಂಡು, ದೋಣಿಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ನಡಿ ಎಂದೆ. ಮೂಳೆ ಮುರಿದಿತ್ತು. ಕಟ್ಟು ಹಾಕಿಸಿಕೊಂಡು ಅವರು ಹೊರಬಂದಾಗ, “ತಪ್ಪು ನಂದು. ಒಡಿ ಅಂದೋಳು ನಾನೇ,” ಎಂದೆ. ಅವರು ಮುಖ ತಿರುಗಿಸಿಕೊಂಡು ಹೋದರು. ಸರಿಯಾಗಿಯೇ ಮಾಡಿದರು.