ಮುದ್ದೆಯ ಫೋಟೊ ಮುಗಿಯುವವರೆಗೆ ಊಟವಿಲ್ಲ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಅರಸೀಕೆರೆಯಲ್ಲಿ ನನಗೆ ಊಟ ಸಿಗಲಿಲ್ಲ. ಊಟ ಇತ್ತು, ಅದರ ಫೋಟೊ ತೆಗೆಯುತ್ತಿದ್ದರು.

ನಾನು ಯಾವಾಗಲೂ ಹೋಗುವ ಮುದ್ದೆ ಹೋಟೆಲು. ಊರಿಗೆ ಊರೇ ಬಂದ್ ಆದ ದಿನವೂ ಈಗಿನ ಮಾಲೀಕನ ತಂದೆ ನಮ್ಮನ್ನು ಹಿಂಬಾಗಿಲಿನಿಂದ ಕರೆದು ಬಡಿಸಿದ್ದರು. ಇವತ್ತು ಮಗ ಮುಂಬಾಗಿಲಿಗೇ ಅಡ್ಡ ನಿಂತಿದ್ದ.

"ಒಂದ್ಗಂಟೆ ತಡ್ಕಳಿ ಸಾರ್. ಆನ್‌ಲೈನ್‌ಗೆ ಹಾಕಕ್ಕೆ ಫೋಟೊ ತೆಗೀತಾವ್ರೆ. ಬೆಳಕು ಈಗ್ಲೇ ಚೆನ್ನಾಗಿರೋದಂತೆ."

"ಹಸಿವೂ ಈಗ್ಲೇ ಆಗೋದು ಕಣಯ್ಯಾ!"

ಒಳಗೆ ಬೆಂಗಳೂರಿನ ಛಾಯಾಗ್ರಾಹಕ ಹೊಳಪು ಬರಲೆಂದು ಮುದ್ದೆಗೆ ಬ್ರಷ್ಷಿನಿಂದ ಎಣ್ಣೆ ಸವರುತ್ತಿದ್ದ. ನನ್ನ ಹಿಂದಿದ್ದ ಗಂಡಸಿ ಊರಿನ ರೈತರೊಬ್ಬರು ಇಣುಕಿ ನೋಡಿ, "ಎಣ್ಣೆ ಹಚ್ಚಿದ್ದಾಯ್ತು, ಇನ್ನು ತಲೆ ಬಾಚೋದೊಂದೇ ಬಾಕಿ ಕಣ್ಲಾ!" ಎಂದು ಮಾಲೀಕನಿಗೆ ಕೂಗಿದರು.

ಅಷ್ಟರಲ್ಲಿ ಹಸಿದವರ ಗುಂಪು ದೊಡ್ಡದಾಗಿ ಗಲಾಟೆ ಶುರುವಾಯಿತು. ಸದ್ದು ಕೇಳಿ ಹೊರಬಂದ ಛಾಯಾಗ್ರಾಹಕ ಕಣ್ಣರಳಿಸಿದ. "ವಾಹ್, ಏನ್ ರಷ್! ಸಾರ್, ಹಾಗೇ ಇರಿ, ಕೈ ಇಳಿಸ್ಬೇಡಿ," ಎನ್ನುತ್ತಾ, ಕೈ ಎತ್ತಿ ಬೈಯುತ್ತಿದ್ದ ನನ್ನ ಫೋಟೊ ಹೊಡೆದೇಬಿಟ್ಟ.

ಎರಡು ಬಾಳೆಹಣ್ಣು ತಿಂದು ಮನೆಗೆ ಬಂದೆ. ಆ ಹೋಟೆಲಿನ ಜಾಹೀರಾತಿನಲ್ಲಿ ನಾನು ಕಂಡರೆ, ದಯವಿಟ್ಟು ಊಟ ಹೇಗಿತ್ತೆಂದು ಮಾತ್ರ ಕೇಳಬೇಡಿ.