ಒಣಕೆರೆಯ ಉಸ್ತಾದರು

ಕಳೆದ ವಾರ ನಮ್ಮ ಮನೆಯ ಮುಂಬಾಗಿಲಿಗೆ ಬಡಗಿ ಅಗಸೆ ಎಣ್ಣೆ ಬಳಿಯುತ್ತಿದ್ದ. ಬಾಗಿಲಿಗೂ ವಯಸ್ಸಾಗಿದೆ, ನನಗೂ ಆಗಿದೆ. ಎಣ್ಣೆಯ ಯೋಗ ಮಾತ್ರ ಬಾಗಿಲಿಗೆ ಬಂತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ಅಗಲವಾಗಿ ನಿಂತವು, ಮಂಡಿ ಬಗ್ಗಿತು, ಎರಡು ಕೈಯೂ ಮುಂದಕ್ಕೆ ಬಂದವು. ಬಡಗಿ ಗಾಬರಿಯಾದ.

“ಏನಾಯ್ತು ಸಾರ್, ತಲೆ ಸುತ್ತುತ್ತಾ?”

ಎಂಬತ್ತೈದು ದಾಟಿದವನು ‘ಗೋಲು ಕಾಯ್ತಿದೀನಿ’ ಎಂದು ಹೇಳುವಂತಿಲ್ಲ. “ಹೂಂ ಕಣಪ್ಪ, ಸ್ವಲ್ಪ” ಎಂದೆ.

ನಾನು ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಹೋದಾಗ ಆ ಊರಿಗೆ ಇದ್ದದ್ದು ಒಂದೇ ಅಧಿಕೃತ ವಾಸನೆ: ರೇಷ್ಮೆಗೂಡು ಬೇಯಿಸುವ ವಾಸನೆ. ಒಂದು ತಿಂಗಳು ಮೂಗು ಮುಚ್ಚಿಕೊಂಡು ಓಡಾಡಿದೆ. ಆಮೇಲೆ ರಜೆಯಲ್ಲಿ ಊರಿಗೆ ಹೋದಾಗ ಅದು ಇಲ್ಲದೆ ಊಟ ಸೇರಲಿಲ್ಲ. ಈ ವಾಸನೆಯ ನಡುವೆ ಒಂದು ಮನೆಯಿಂದ ಮಾತ್ರ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಅದು ನಮ್ಮ ಉಸ್ತಾದರ ಮನೆ. ಜಗಲಿಯಲ್ಲಿ ಒಂದು ಕಾಲು ಮಡಚಿ, ಇನ್ನೊಂದನ್ನು ಉದ್ದಕ್ಕೆ ಚಾಚಿ ಕೂತು, ಹಾಕಿ ಕೋಲುಗಳಿಗೆ ಎಣ್ಣೆ ತಿಕ್ಕುತ್ತಿದ್ದರು. ಚಾಚಿದ ಕಾಲು ಮಡಚುತ್ತಿರಲಿಲ್ಲ.

ಹರೆಯದಲ್ಲಿ ಅವರು ಚಿನ್ನದ ಗಣಿಯ ತಂಡದಲ್ಲಿದ್ದವರು. ಆಡುವುದಕ್ಕೆಂದೇ ಗಣಿಯವರು ಕರೆದು ಕೆಲಸ ಕೊಟ್ಟಿದ್ದರು. ಕಾಗದದ ಮೇಲೆ ಉಗ್ರಾಣದ ಗುಮಾಸ್ತರು. ಉಗ್ರಾಣ ಯಾವ ದಿಕ್ಕಿಗಿದೆ ಎನ್ನುವುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲವಂತೆ. ಸಂಬಳ ತೆಗೆದುಕೊಂಡು ಕೆಲಸ ಮಾಡದವರನ್ನು ನಮ್ಮ ಕಚೇರಿಯಲ್ಲಿ ನಾನು ಬೇಕಾದಷ್ಟು ಕಂಡಿದ್ದೆ. ಸಂಬಳ ತೆಗೆದುಕೊಂಡು ಆಡಿದವರನ್ನು ಕಂಡದ್ದು ಅದೇ ಮೊದಲು. ಏಳೆಂಟು ವರ್ಷ ಆಡಿದರು. ಒಂದು ದಿನ ಯಾರದೋ ಕೋಲು ಮಂಡಿಗೆ ಬಿತ್ತು. ಒಂದು ಟ್ರಂಕು, ಒಂದು ಕಟ್ಟು ಕೋಲು, ಮಡಚದ ಒಂದು ಕಾಲು, ಇಷ್ಟರೊಡನೆ ಅಣ್ಣನ ಮನೆಗೆ ವಾಪಸಾದರು.

ಅಣ್ಣನವರನ್ನು ಊರೆಲ್ಲ ದೊಡ್ಡ ಸಾಹೇಬರು ಎನ್ನುತ್ತಿತ್ತು. ಅವರದು ನೂಲು ತೆಗೆಯುವ ಕಾರ್ಖಾನೆ. ಸಾಲಾಗಿ ಚರಕಗಳು, ಪ್ರತಿ ಚರಕಕ್ಕೂ ಒಂದು ಒಲೆ, ಒಲೆಯ ಮೇಲೆ ಗೂಡು ಕುದಿಯುವ ಬೋಗುಣಿ. ತಮ್ಮನಿಗೆ ಒಲೆಗಳ ಮೇಲ್ವಿಚಾರಣೆ ವಹಿಸಿದರು. ಉಸ್ತಾದರು ಒಲೆ ಬಿಟ್ಟು ಒಲೆ ಮುಂದೆ ಕೂತವರನ್ನು ನೋಡಿದರು. ಕುದಿಯುವ ನೀರಿನಲ್ಲಿ ಕಾಣದ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕಿ ಎತ್ತುವ ಆ ಕೈಗಳನ್ನು ನೋಡಿ, “ಯಾ ಅಲ್ಲಾ, ಈ ಕೈಗಳು ಇಲ್ಲಿ ಏನು ಮಾಡ್ತಾ ಇವೆ!” ಎಂದರಂತೆ. ಮರುದಿನ ಸಂಜೆ ನಾಲ್ಕು ಜನ ನೂಲುಗಾರರ ಕೈಯಲ್ಲಿ ಕೋಲಿತ್ತು. ಆಮೇಲೆ ಒಬ್ಬ ದರ್ಜಿ, ಒಬ್ಬ ಪೋಸ್ಟ್‌ಮ್ಯಾನ್, ಇಬ್ಬರು ಮೇಷ್ಟ್ರು ಬಂದು ಸೇರಿದರು. ನನ್ನನ್ನು ಅವರೇ ಕಚೇರಿಗೆ ಬಂದು ಆರಿಸಿದರು.

“ಗುಮಾಸ್ತ್ರೇ, ನೀವು ಗೋಲ್ ಕೀಪರ್.”

“ನನಗೆ ಆಟ ಬರಲ್ಲವಲ್ಲ ಉಸ್ತಾದ್.”

“ಮೂರು ದಿನದಿಂದ ನೋಡ್ತಾ ಇದೀನಿ. ಎಷ್ಟು ಜನ ಬಂದು ಕೂಗಾಡಿದ್ರೂ ಕೂತ ಜಾಗ ಬಿಟ್ಟು ಕದಲಲಿಲ್ಲ ನೀವು. ಇನ್ನೇನು ಬೇಕು?”

ಸರ್ಕಾರಿ ಸೇವೆಯಲ್ಲಿ ನನಗೆ ಸಿಕ್ಕ ಏಕೈಕ ಪ್ರಶಂಸೆ ಅದು.

ನಮ್ಮ ಮೈದಾನ ಎಂದರೆ ಊರ ಕೆರೆ. ಬೇಸಿಗೆಯಲ್ಲಿ ನೀರು ಬತ್ತಿ ಕೆರೆಯಂಗಳ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತಿತ್ತು. ಬಿರುಕುಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದರೆ ಸಾಕು. ಗಣಿಯ ದೊರೆಯೊಬ್ಬ ಉಸ್ತಾದರಿಗೆ ಹೇಳಿದ್ದನಂತೆ, ಚಳಿದೇಶದಲ್ಲಿ ಕೆರೆಯ ನೀರೇ ಕಲ್ಲಾಗುತ್ತದೆ, ಬೂಟಿಗೆ ಚಾಕು ಕಟ್ಟಿಕೊಂಡು ಅದರ ಮೇಲೆ ಜಾರುತ್ತಾ ಹಾಕಿ ಆಡುತ್ತಾರೆ ಎಂದು. ನಮಗೆ ಮಂಜುಗಡ್ಡೆ ಎಂದರೆ ಬೆಂಗಳೂರಿನಿಂದ ಮರದ ಪುಡಿಯಲ್ಲಿ ಹುದುಗಿಕೊಂಡು ಮದುವೆಗಳಿಗೆ ಬರುತ್ತಿದ್ದ ಅತಿಥಿ. ಅದರ ಮೇಲೆ ನಿಂತು ಹನ್ನೊಂದು ಜನ ಆಡುವುದೆಂದರೆ ಯಾರೂ ನಂಬಲಿಲ್ಲ. ಉಸ್ತಾದರಿಗೆ ಬೇಸರವಾಗಲಿಲ್ಲ.

“ಅಲ್ಲಿ ನೀರು ಗಟ್ಟಿಯಾಗುತ್ತೆ. ಇಲ್ಲಿ ನೀರು ಹೋಗಿ ನೆಲ ಗಟ್ಟಿಯಾಗುತ್ತೆ. ಎರಡೂ ಕೆರೆ ತಾನೇ? ನಾವು ಅವರು ಒಂದೇ ಕಣ್ರಯ್ಯಾ.”

ಹೀಗೆ ನಾವು ನಾಲ್ಕು ಬೇಸಿಗೆ ಆಡಿದೆವು. ನಾಲ್ಕು ಬೇಸಿಗೆಯೂ ಚಿಕ್ಕಬಳ್ಳಾಪುರದ ಪಂದ್ಯಾವಳಿಗೆ ಹೋಗಿ ಗಂಭೀರವಾಗಿ ಸೋತು ಬಂದೆವು. ದೊಡ್ಡ ಸಾಹೇಬರ ತಾಳ್ಮೆ ಮುಗಿಯಿತು. ಸಂಜೆಯಾದರೆ ಚರಕಗಳು ಖಾಲಿ, ನೂಲುಗಾರರೆಲ್ಲ ಕೆರೆಯಲ್ಲಿ. ಒಂದು ದಿನ ನಮ್ಮೆಲ್ಲರ ಎದುರಿಗೇ ತಮ್ಮನ ಕೋಲೊಂದನ್ನು ಎತ್ತಿ ಉಗುರಿನಿಂದ ಗೀರಿ ನೋಡಿದರು.

“ಯಾವ ಮರ ಇದು?”

“ಹಿಪ್ಪುನೇರಳೆ, ಭಾಯಿಜಾನ್. ಉತ್ತರದ ಕಡೆ ಅದು ದೊಡ್ಡ ಮರ ಆಗುತ್ತೆ. ಎಲೆ ಹುಳಕ್ಕೆ, ಮರ ನಮಗೆ.”

“ಒಳ್ಳೇ ಸೌದೆ. ಎಣ್ಣೆ ಬೇರೆ ಕುಡಿದಿದೆ, ಚೆನ್ನಾಗಿ ಉರಿಯುತ್ತೆ. ಈ ಸಲ ಕಪ್ ತಂದ್ರೆ ಸರಿ. ಇಲ್ದಿದ್ರೆ ಅಷ್ಟೂ ಕೋಲು ಒಲೆಗೆ. ನೀನು ಒಲೆ ಮುಂದೆ.”

ದೊಡ್ಡ ಸಾಹೇಬರು ಹೇಳಿದ್ದನ್ನು ಮಾಡುವವರು. ಆ ವಾರವೆಲ್ಲ ಉಸ್ತಾದರು ಕೋಲುಗಳಿಗೆ ಎಣ್ಣೆ ತಿಕ್ಕಿದರು... ಒಂದೊಂದನ್ನೂ ಎರಡೆರಡು ಸಲ.

ಆ ಬೇಸಿಗೆ ಹೇಗೋ ಫೈನಲ್ಲಿಗೆ ಬಂದೆವು. ಎದುರಾಳಿ ಬೇರೆ ಯಾರೂ ಅಲ್ಲ, ಉಸ್ತಾದರ ಹಳೆಯ ಗಣಿಯ ತಂಡ. ಶನಿವಾರ ಸಂಜೆ ಕೊನೆಯ ಅಭ್ಯಾಸ ಮುಗಿಸುವಷ್ಟರಲ್ಲಿ ಸೈಕಲ್ಲಿನಲ್ಲಿ ಒಬ್ಬ ಸುದ್ದಿ ತಂದ. ನಮ್ಮ ಸೆಂಟರ್ ಫಾರ್ವರ್ಡ್ ಬರುವುದಿಲ್ಲ. ಚಿಕ್ಕಬಳ್ಳಾಪುರದ ರಸ್ತೆಯಿಂದ ಎರಡು ಮೈಲಿ ಒಳಗಿನ ಹಳ್ಳಿಯ ರೈತ ಅವನು. ನಮ್ಮ ಗೋಲುಗಳಲ್ಲಿ ಮುಕ್ಕಾಲು ಪಾಲು ಅವನವೇ. ಮನೆಯಲ್ಲಿ ಹುಳ ಹಣ್ಣಾಗಿವೆ. ಹಣ್ಣಾದ ರೇಷ್ಮೆಹುಳ ಎಲೆ ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ನೂಲು ಕಸದ ಪಾಲು, ಇಡೀ ಬೆಳೆ ಹೋಯಿತು. ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳುಗಳಾಗಿ ಬರಬೇಕಿದ್ದ ಅಕ್ಕಪಕ್ಕದವರ ಹುಳಗಳೂ ಅದೇ ದಿನ ಹಣ್ಣಾಗಿದ್ದವು.

ದರ್ಜಿ ತಲೆಯ ಮೇಲೆ ಕೈಹೊತ್ತು ಕೂತ. “ಕೋಲೆಲ್ಲ ಒಲೆಗೆ, ಉಸ್ತಾದ್.”

ಉಸ್ತಾದರು ಸೈಕಲ್ಲಿನವನ ಕಡೆ ತಿರುಗಿ ಕೇಳಿದರು, “ಹುಳ ಆರಿಸೋಕೆ ಎಷ್ಟು ಜನ ಬೇಕಾಗುತ್ತೆ?”

“ಹತ್ತು ಜನ ಆದ್ರೆ ಮಧ್ಯಾಹ್ನದೊಳಗೆ ಮುಗೀತದೆ” ಎಂದ ಸೈಕಲ್ಲಿನವನು.

“ನಾವು ಹನ್ನೊಂದು ಜನ. ಬೆಳಿಗ್ಗೆ ಮೊದಲ ಬಸ್ಸು.”

ಹೀಗೆ ಒಂದು ಹಾಕಿ ತಂಡ ಫೈನಲ್ಲಿನ ಬೆಳಿಗ್ಗೆ ಹುಳದ ಮನೆಯ ಬಾಗಿಲಲ್ಲಿ ನಿಂತಿತು. ನಮ್ಮ ರೈತನ ತಾಯಿ ಮೊರ ಹಿಡಿದು ಅಡ್ಡ ನಿಂತರು.

“ಏಮ್ರಾ ಇದಿ!” ಎಂದು ಮಗನನ್ನು ತೆಲುಗಿನಲ್ಲಿ ಗದರಿಸಿ, ನಮ್ಮ ಕಡೆ ತಿರುಗಿ ಮೂಗು ಅರಳಿಸಿದರು. “ಎಣ್ಣೆ ನಾತ! ಅತ್ತರು ಬೇರೆ! ಹುಳದ ಮನೆಗೆ ಹಿಂಗಾ ಬರೋದು? ನನ್ನ ಹುಳ ಉಳೀತವಾ? ನಡೀರಪ್ಪ ಬಾವಿ ಹತ್ರ, ನಡೀರಿ!”

ಅತ್ತರು ಉಸ್ತಾದರದು, ಫೈನಲ್ ಎಂದು ಹಚ್ಚಿಕೊಂಡಿದ್ದರು. ಗಣಿಯ ಹತ್ತಾರು ಸಾವಿರ ಜನ ಚಪ್ಪಾಳೆ ತಟ್ಟಿದ್ದ ಆಟಗಾರ ಬಾವಿಕಟ್ಟೆಯ ಮೇಲೆ ಕೂತು, ಕತ್ತಿಗೆ ಬೂದಿ ತಿಕ್ಕಿಕೊಂಡು ಎರಡೆರಡು ಸಲ ಸ್ನಾನ ಮಾಡಿದರು. ಆ ತಾಯಿ ಪ್ರತಿಯೊಬ್ಬರ ಕೈಯನ್ನೂ ಮೂಸಿ ನೋಡಿಯೇ ಒಳಗೆ ಬಿಟ್ಟರು. ಕೋಲುಗಳು ಹುಣಸೆ ಮರಕ್ಕೆ ಒರಗಿ ನಿಂತವು.

ನೂಲುಗಾರರು ಜೀವಮಾನವೆಲ್ಲ ಗೂಡು ಬೇಯಿಸಿದವರು. ಗೂಡು ಕಟ್ಟಲು ಹೊರಟ ಹುಳವನ್ನು ಕೈಯಲ್ಲಿ ಹಿಡಿದದ್ದು ಆವತ್ತೇ. ನಾನು ಮೊದಲ ಹುಳವನ್ನು ಗಟ್ಟಿಯಾಗಿ ಹಿಡಿದೆ.

“ಹಿಸುಕ್ಬೇಡಪ್ಪ! ಹಿಡೀಬಾರ್ದು, ಎತ್ತಿ ಇಡ್ಬೇಕು. ಅಷ್ಟೆ” ಎಂದರು ಆ ತಾಯಿ.

ಮಧ್ಯಾಹ್ನಕ್ಕೆ ಕೊನೆಯ ಚಂದ್ರಿಕೆ ತುಂಬಿತು. ಮುದ್ದೆ ಬಸ್ಸಾರು ಇಕ್ಕಿ ಕಳಿಸುವಾಗ ಆಕೆ ಕೇಳಿದರು, “ನಿಮ್ಮ ಮುಯ್ಯಿ ಹೆಂಗೆ ತೀರ್ಸಾದು ಸಾಮಿ?”

“ನಿಮ್ಮ ಮಗ ಸಂಜೆಗೆ ತೀರಿಸ್ತಾನಮ್ಮ” ಎಂದರು ಉಸ್ತಾದರು.

ಸಂಜೆ ಮೊದಲರ್ಧದಲ್ಲಿ ಆ ಮಗನಿಗೆ ಚೆಂಡೇ ಸಿಗಲಿಲ್ಲ. ಗಣಿಯವರ ಬೂಟು ಕಂಡು ಬರಿಗಾಲಿನ ನಮ್ಮವರು ಚೆಂಡನ್ನು ಹೊಡೆದು ಹೊಡೆದು ದೂರ ಓಡಿಸುತ್ತಿದ್ದರು, ಹಾವು ಓಡಿಸುವ ಹಾಗೆ. ಒಂದು ಗೋಲು ನನ್ನ ಕಾಲ ಸಂದಿಯಿಂದ ಒಳಕ್ಕೆ ಹೋಯಿತು. ಅರ್ಧ ವೇಳೆಗೆ ನಿಂಬೆಹಣ್ಣು ಚೀಪುತ್ತಾ ತಲೆ ತಗ್ಗಿಸಿ ಕೂತೆವು. ಉಸ್ತಾದರು ಬಯ್ಯಲಿಲ್ಲ. ಎಲ್ಲರ ಕೈಗಳನ್ನೂ ಒಮ್ಮೆ ನೋಡಿದರು.

“ಬೆಳಿಗ್ಗೆ ಆ ತಾಯಿ ಏನಂದ್ರು? ಹಿಡೀಬೇಡಿ, ಎತ್ತಿ ಇಡಿ. ಚೆಂಡೂ ಹಣ್ಣಾಗಿದೆ ಕಣ್ರಯ್ಯಾ. ಹೊಡೆದು ಸಾಯಿಸ್ಬೇಡಿ.”

ಆಮೇಲೆ ನಡೆದದ್ದನ್ನು ವರ್ಣಿಸಲು ನನ್ನ ಬರವಣಿಗೆ ಸಾಲದು. ಪೋಸ್ಟ್‌ಮ್ಯಾನ್‌ನಿಂದ ನೂಲುಗಾರನಿಗೆ, ನೂಲುಗಾರನಿಂದ ನೂಲುಗಾರನಿಗೆ, ಚೆಂಡು ಸದ್ದಿಲ್ಲದೆ ಹೋಯಿತು, ಎಳೆ ಕಡಿಯದ ಹಾಗೆ. ಗಣಿಯವರು ಬಂದಲ್ಲಿ ಅದು ಇರುತ್ತಿರಲಿಲ್ಲ. ನಮ್ಮ ರೈತ ಒಂದು ಗೋಲು ಹಾಕಿ ಮುಯ್ಯಿ ತೀರಿಸಿದ. ಮುಗಿಯುವ ಹೊತ್ತಿಗೆ ಇನ್ನೊಂದು ಹಾಕಿ ಬಡ್ಡಿ ಕೊಟ್ಟ. ಕೊನೆಯ ನಿಮಿಷದಲ್ಲಿ ಅವರದೊಂದು ಹೊಡೆತ ಸೀದಾ ನನ್ನ ಹೊಟ್ಟೆಗೇ ಬಂತು. ಗೋಣಿಚೀಲಕ್ಕೆ ಹತ್ತಿ ತುಂಬಿ ಹೊಲಿದ ಪ್ಯಾಡು ಕಟ್ಟಿದ್ದು ಕಾಲಿಗೆ, ಹೊಟ್ಟೆಗಲ್ಲ. ಆದರೂ ಕಚೇರಿಗೆ ಬಂದ ಅರ್ಜಿಯ ಹಾಗೆ ಅದನ್ನು ಅಲ್ಲೇ ಇಟ್ಟುಕೊಂಡೆ, ಮುಂದಕ್ಕೆ ಬಿಡಲಿಲ್ಲ. ಸೀಟಿ ಕೂಗಿತು. ಉಸ್ತಾದರು ಮಡಚದ ಕಾಲನ್ನು ಎಳೆದುಕೊಂಡು ಮೈದಾನದೊಳಕ್ಕೆ ಓಡಿ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗಣಿಯವರು ಕಳಿಸಿದ್ದು ತಮ್ಮ ಎರಡನೇ ದರ್ಜೆಯ ತಂಡವನ್ನು ಎಂಬ ವಿಷಯವನ್ನು ನಾವು ಹತ್ತು ವರ್ಷ ಗುಟ್ಟಾಗಿ ಕಾಪಾಡಿದೆವು.

ದೊಡ್ಡ ಸಾಹೇಬರು ಕಾರ್ಖಾನೆಯ ಬಾಗಿಲಲ್ಲೇ ನಿಂತಿದ್ದರು. ಕಪ್ಪನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ತಟ್ಟಿ ನೋಡಿದರು.

“ಹಿತ್ತಾಳೆ. ಬೆಳ್ಳಿ ಅಲ್ಲ.”

ಹಾಗೆಂದು ಒಲೆಗಳ ಮೇಲಿನ ಗೋಡೆಗೂಡಿನಲ್ಲಿ, ಬರುವವರಿಗೆಲ್ಲ ಕಾಣುವ ಹಾಗೆ, ತಾವೇ ಅದನ್ನು ಇಟ್ಟರು. ಇಟ್ಟು ಬೆನ್ನು ತಿರುಗಿಸಿಕೊಂಡೇ ತಮ್ಮನನ್ನು ಕೇಳಿದರು: “ಮುಂದಿನ ವರ್ಷಕ್ಕೆ ಹೊಸ ಕೋಲು ಎಷ್ಟು ಬೇಕಾಗುತ್ತೆ?”

ಆ ಕೋಲುಗಳಲ್ಲಿ ಕಲಿತವರು ಆಮೇಲೆ ಪೊಲೀಸು, ರೈಲ್ವೆ ತಂಡಗಳಿಗೆ ಹೋದರು. ನೂಲುಗಾರರಲ್ಲೊಬ್ಬ ರಾಜ್ಯಕ್ಕೂ ಆಡಿದ. ಪತ್ರಿಕೆಯಲ್ಲಿ ಅವನ ಚಿತ್ರ ಬಂದ ದಿನ ಉಸ್ತಾದರು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಕೆರೆಯಂಗಳದಲ್ಲಿ ಒಬ್ಬರೇ ಒಂದು ಸುತ್ತು ಹಾಕಿ ಬಂದರು. ನನಗೆ ವರ್ಗವಾಯಿತು. ಹೊರಡುವ ದಿನ ಒಂದು ಕೋಲು ಕೊಟ್ಟು, “ಎಣ್ಣೆ ಮರೀಬೇಡಿ ಗುಮಾಸ್ತ್ರೇ” ಎಂದರು. ಅವರು ತೀರಿಹೋದ ಸುದ್ದಿ ಬಂದದ್ದು ಒಂದು ಮಳೆಗಾಲದಲ್ಲಿ, ಪೋಸ್ಟ್ ಕಾರ್ಡಿನಲ್ಲಿ. ಆಗ ಕೆರೆ ತುಂಬಿತ್ತಂತೆ... ನನಗೆ ಹೋಗಲಾಗಲಿಲ್ಲ.

ಎಣ್ಣೆಯನ್ನೂ ಮರೆತಿದ್ದೆ. ಬಡಗಿ ಹೋದ ಮೇಲೆ ಡಬ್ಬದಲ್ಲಿ ಉಳಿದದ್ದನ್ನು ಬಟ್ಟೆಗೆ ಹಾಕಿಕೊಂಡು ಅಟ್ಟದ ಕೋಲು ಇಳಿಸಿ ತಿಕ್ಕಿದೆ. ಕುಡಿಯಿತು, ಬಹಳ ದಿನ ಬಾಯಾರಿದವರ ಹಾಗೆ. ಮರುದಿನ ಮೊಮ್ಮಗಳ ಕಾರಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿ ಕೆರೆಯ ಏರಿಯ ಮೇಲೆ ನಿಂತೆ. ಈಗ ಪೈಪಿನಲ್ಲಿ ಬೆಂಗಳೂರಿನಿಂದ ಶುದ್ಧಿ ಮಾಡಿದ ಬಳಕೆಯ ನೀರು ಬರುತ್ತದೆ. ನಡುಬೇಸಿಗೆಯಲ್ಲೂ ಕೆರೆ ಬತ್ತುವುದಿಲ್ಲ. ರೈತರಿಗೆ ಒಳ್ಳೆಯದಾಯಿತು, ನನಗೂ ಸಂತೋಷವೇ. ನಮ್ಮ ಸುಣ್ಣದ ಗೆರೆಗಳು, ನನ್ನ ಗೋಲು, ಉಸ್ತಾದರು ನಿಲ್ಲುತ್ತಿದ್ದ ಜಾಗ, ಎಲ್ಲವೂ ಎರಡಾಳು ನೀರಿನಡಿಯಲ್ಲಿವೆ. ಇನ್ನು ಆ ನೆಲ ಗಟ್ಟಿಯಾಗುವ ಆಸೆಯಿಲ್ಲ.

ನೀರು ಗಟ್ಟಿಯಾಗುವುದನ್ನೇ ಕಾಯಬೇಕು. ಕೋಲು ಸಿದ್ಧವಿದೆ.