ಪುಸ್ತಕ ಓದಲು ಕೂತ ಮಧ್ಯಾಹ್ನ

ಅಫಜಲಪುರಕ್ಕೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಮೂರು ಪುಸ್ತಕಗಳಿದ್ದವು. ನನ್ನ ತವರು ಭೀಮಾ ನದಿಯ ಆಚೆ ದಂಡೆಯ ಹಳ್ಳಿ. ಅಲ್ಲಿ ಇಂಗ್ರೇಜಿ ಸರ್ಕಾರ, ಕನ್ನಡ ಸಾಲಿ. ಐದನೆಯ ಇಯತ್ತೆಯವರೆಗೆ ಕಲಿತಿದ್ದೆ. ಈಚೆ ದಂಡೆ ನಿಜಾಮರದು. ಸಾಲಿಯೂ ಉರ್ದು, ಕಚೇರಿಯೂ ಉರ್ದು. ಮದುವೆಯ ದಿಬ್ಬಣ ಹರಿಗೋಲಿನಲ್ಲಿ ನದಿ ದಾಟಿದ್ದು ಅರ್ಧ ತಾಸಿನಲ್ಲಿ. ಬಂದ ಮೇಲೆ ನನಗೆ ಅಕ್ಷರ ಬರುತ್ತದೆ ಎನ್ನುವುದು ಯಾರಿಗೂ ಬೇಕಾಗಲಿಲ್ಲ. ಬೇಡವೆಂದೂ ಯಾರೂ ಅನ್ನಲಿಲ್ಲ. ಹಾಡು ಬರುತ್ತದೆಯೇ, ರೊಟ್ಟಿ ತೆಳ್ಳಗೆ ಬಡಿಯಲು ಬರುತ್ತದೆಯೇ ಎಂದು ಕೇಳಿದರು, ಅಷ್ಟೆ.

ದೊಡ್ಡ ಯುದ್ಧ ಇನ್ನೂ ಸುರುವಾಗಿರಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು. ತವರಿಗೆ ಹೋದಾಗ ಅಣ್ಣ ಒಂದು ಮಾತು ಹೇಳಿದ. ವಿಜಾಪುರದಲ್ಲಿ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಕೂಡಿ ಪುಸ್ತಕ ಓದುತ್ತಾರಂತೆ. ಒಬ್ಬಾಕೆ ಓದುವುದು, ಉಳಿದವರು ಕೇಳುವುದು, ಆಮೇಲೆ ಅದರ ಬಗ್ಗೆ ಮಾತಾಡುವುದು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮರಳಿ ಬಂದವಳೇ ಅತ್ತೆಯನ್ನು ಕೇಳಿದೆ.

"ಯಾವ ಪುರಾಣ?" ಅಂದರು ಅತ್ತೆ.

"ಪುರಾಣ ಅಲ್ರಿ ಅತ್ತಿ. ಕತಿ ಪುಸ್ತಕ."

"ದೇವರು ಬರ್ತಾನೇನು ಅದರಾಗ?"

"ನಡು ಒಂದ್ ಕಡೆ ಬರ್ತಾನ್ರಿ," ಅಂದೆ. ಸುಳ್ಳೇನಲ್ಲ. ನಾಯಕಿ ಒಮ್ಮೆ ಗುಡಿಗೆ ಹೋಗುತ್ತಾಳೆ.

ನಮ್ಮ ಮನೆಯವರು ಬೇಡ ಅನ್ನಲಿಲ್ಲ. "ಕೂಡ್ರಿ. ಆದ್ರ ಹೊರಗ ಸಭಾ ಗಿಭಾ ಅನಬ್ಯಾಡ. ಸಭಾ ಅಂದ್ರ ಅಮೀನಸಾಬ ಪರವಾನಗಿ ಕೇಳಾಕ ಬರ್ತಾನ," ಅಂದರು. ಅಮೀನ ಎಂದರೆ ಠಾಣೆಯ ಅಧಿಕಾರಿ. ಆದ್ದರಿಂದ ನಾನು ಗೆಳತಿಯರನ್ನು ಚುರುಮುರಿ ತಿನ್ನಲು ಕರೆದೆ.

ಕರೆದದ್ದು ಮೂವರನ್ನು. ಗೌಡರ ಮನೆಯ ಸೊಸೆ, ನನ್ನ ಓರಗೆಯವಳು, ಹೊರಗೆ ಕಾಲಿಡಲು ಪ್ರತಿ ಸಲ ಕೇಳಿಯೇ ಬರಬೇಕಾದವಳು. ಓಣಿಯ ತುದಿಯ ಗಾಣದ ಮನೆಯ ಅಕ್ಕ, ಅವಳಿಗೆ ನಲವತ್ತು ದಾಟಿತ್ತು. ಮೂರನೆಯವಳು ಎದುರು ಮನೆಯ ನನ್ನ ಗೆಳತಿ. ಅವಳ ಗಂಡ ಹೈದರಾಬಾದಿನಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದುಕೊಂಡು ಜವಳಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಅವಳು ಇಲ್ಲಿ ಅತ್ತೆಯಿಲ್ಲದ ಮನೆಯಲ್ಲಿ ಮಾವನನ್ನೂ ಮೂರು ಹೆಣ್ಣುಮಕ್ಕಳನ್ನೂ ನೋಡಿಕೊಂಡಿದ್ದಳು. ಬರುತ್ತೀಯಾ ಎಂದು ಕೇಳಿದಾಗ ಉಳಿದಿಬ್ಬರು ನೋಡೋಣ ಅಂದರು. ಅವಳು ಮಾತ್ರ ನನ್ನ ಕೈ ಹಿಡಿದು, "ಓದು ಬರ್ತದಲ್ಲ ನಿನಗ? ಪೂರಾ ಬರ್ತದ?" ಅಂತ ಎರಡು ಸಲ ಕೇಳಿದಳು. ಪುಸ್ತಕದ ಮೇಲೆ ಇವಳಿಗೆ ಎಷ್ಟು ಆಸೆ ಎಂದು ನಾನು ಹಿಗ್ಗಿದೆ.

ಇನ್ನೊಬ್ಬರು ಇದ್ದರು, ಅವರನ್ನು ನಾನು ಕರೆಯಲಿಲ್ಲ. ಹಿತ್ತಲ ಗೋಡೆಯ ಆಚೆ ತಹಸೀಲ ಕಚೇರಿಯ ಗುಮಾಸ್ತರ ಮನೆ. ಗುಮಾಸ್ತರು ಮುಸಲ್ಮಾನರು. ಅವರ ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ. ಗೋಡೆಯ ಮೇಲಿಂದಲೇ ನಮ್ಮ ಮಾತು, ಹೆಪ್ಪಿಗೆ ಮೊಸರು, ಒಲೆಗೆ ಕೆಂಡ. ಕನ್ನಡ ಪುಸ್ತಕ ಅವರಿಗೇನು ತಿಳಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವರು ಪಡಸಾಲೆಗೆ ಬಂದು ಕೂತರೆ ಅತ್ತೆ ಏನನ್ನುವರೋ ಎಂಬ ಅಂಜಿಕೆ.

ಅದೊಂದು ಬುಧವಾರ. ಮುಂಜಾನೆಯಿಂದ ಪಡಸಾಲೆ ಸಾರಿಸಿ, ಜಮಖಾನೆ ಹಾಸಿ, ಚುರುಮುರಿಗೆ ಒಗ್ಗರಣೆ ಹಾಕಿ, ಶೇಂಗಾದ ಉಂಡೆ ಕಟ್ಟಿದೆ. ಊಟದ ಹೊತ್ತು ಕಳೆದ ಮೇಲೆ ಗಾಣದ ಅಕ್ಕ ಬಂದಳು, ಕೈಯಲ್ಲಿ ಹಸನು ಮಾಡಬೇಕಾದ ತೊಗರಿಬೇಳೆಯ ಮೊರ. ಗೌಡರ ಸೊಸೆ ಬಂದವಳು ಜಮಖಾನೆಯ ತುದಿಯಲ್ಲಿ, ಬಾಗಿಲಿಗೆ ಹತ್ತಿರ ಕೂತಳು. ಎದುರು ಮನೆಯ ಗೆಳತಿ ನಾಲ್ಕು ವರ್ಷದ ಕಿರಿಮಗಳನ್ನು ಎತ್ತಿಕೊಂಡು ಬಂದಳು. ಅತ್ತೆ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತ ಕೂತರು.

ನಾನು ಓದಲು ಸುರು ಮಾಡಿದೆ. ಸಾಲಿಯಲ್ಲಿ ಓದಿದ ಹಾಗೆ ರಾಗವಾಗಿ ಓದುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿತ್ತು, ಬಿಡಲು ಬರಲಿಲ್ಲ. ಎರಡು ಪುಟ ಆಗುವಷ್ಟರಲ್ಲಿ ಗಾಣದ ಅಕ್ಕ ಕೇಳಿದಳು, "ಈಗ ಈಕಿ ಯಾರ ಮಗಳು?"

"ಅದನ್ನ ಮುಂದ ಹೇಳ್ತಾರ್ರಿ ಅಕ್ಕ."

"ಮೊದಲ ಹೇಳಬೇಕಿಲ್ಲ? ಯಾರ ಮನಿಯಾಕಿ ಅಂತ ತಿಳೀದ ಹೆಂಗ ಕೇಳೋದು?"

ಗೌಡರ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅತ್ತೆ, "ದೇವರು ಯಾವಾಗ ಬರ್ತಾನ?" ಅಂದರು. ನಾನು ಪುಟ ತಿರುವಿದೆ. ಪುಸ್ತಕದ ಮಾತೂ ನಮ್ಮ ಮಾತಿನ ಹಾಗಿರಲಿಲ್ಲ. ನಡುನಡುವೆ ನಿಲ್ಲಿಸಿ ಅರ್ಥ ಹೇಳಬೇಕಾಗುತ್ತಿತ್ತು, ನನಗೂ ಕೆಲವು ಗೊತ್ತಿರಲಿಲ್ಲ. ಎದುರು ಮನೆಯ ಗೆಳತಿ ಮಾತ್ರ ಏನೂ ಕೇಳದೆ, ನಗದೆ ನನ್ನ ಬಾಯನ್ನೇ ನೋಡುತ್ತಿದ್ದಳು. ಮಗು ಚುರುಮುರಿಯಲ್ಲಿನ ಶೇಂಗಾ ಆರಿಸಿ ತಿನ್ನುತ್ತಿತ್ತು.

ಐದನೆಯ ಪುಟ ಮುಗಿದಾಗ ಗೆಳತಿ ಕುಪ್ಪಸದೊಳಗಿಂದ ಒಂದು ಮಡಚಿದ ಕಾಗದ ತೆಗೆದು ಪುಸ್ತಕದ ಮೇಲೆ ಇಟ್ಟಳು.

"ಮೊದಲ ಇದನ್ನ ಓದು," ಅಂದಳು. "ಅವರು ಬರದದ್ದು. ಮಾವ ಅರ್ಧ ಓದಿ ಹೇಳಿದ್ರು. ಆಮ್ಯಾಲ ಸುಮ್ಮ ಕುಂತು ಮಡಚಿ ಕಿಸೆದಾಗ ಇಟ್ರು. ಮುಂದೇನದ ಅಂದ್ರ ಏನಿಲ್ಲ ಅಂತಾರ. ಹತ್ತ ದಿನ ಆತು. ಇವತ್ತ ಮಲಗಿದಾಗ ತಗೊಂಡ ಬಂದೇನಿ. ಏಳೋದ್ರಾಗ ಹಿಂದಕ್ಕ ಇಡಬೇಕು."

ನಾನು ಬಿಚ್ಚಿದೆ. ಉರ್ದು. ಎರಡೂ ಮಗ್ಗುಲು ತುಂಬಿದ ಅಕ್ಷರ. ಎಲ್ಲಿ ಸುರುವಾಗುತ್ತದೆ ಎನ್ನುವುದು ಕೂಡ ನನಗೆ ತಿಳಿಯಲಿಲ್ಲ.

"ನಂಗ ಇದು ಬರಂಗಿಲ್ಲ," ಅಂದೆ.

"ಓದು ಬರ್ತದ ಅಂದೆಲ್ಲ."

"ಕನ್ನಡ ಬರ್ತದ. ಇದು ಉರ್ದು."

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಸಿಟ್ಟಲ್ಲ. ಬಾವಿಗೆ ಕೊಡ ಇಳಿಸಿ, ಹಗ್ಗ ಸಾಲದಾದಾಗ ನೋಡುವ ಹಾಗೆ. ಇಂಥ ಓದು ಅಂಥ ಓದು ಎಂದು ಎರಡಿರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು? ಅವಳು ಬಂದದ್ದು ಕತೆಗಲ್ಲ ಎಂದು ನನಗೆ ಆಗ ಹೊಳೆಯಿತು.

ಗಾಣದ ಅಕ್ಕ ಮೊರ ಕೆಳಗಿಟ್ಟಳು. "ಹಿಂದಿನ ಮನಿ ಆಪಾಗ ಬರ್ತದಲ್ಲ," ಅಂದಳು.

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಎದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ಹೋಗಿ ಓಣಿಯ ಕಡೆಯ ಬಾಗಿಲು ಹಾಕಿ, ಅಗಳಿ ಸರಿಸಿ, ಬಂದು ಮತ್ತೆ ಕಂಬದ ಹತ್ತಿರ ಕೂತರು. ನಾನು ಹಿತ್ತಲಿಗೆ ಓಡಿದೆ.

ಆಪಾ ಮೆಂತ್ಯ ಪಲ್ಯ ಸೋಸುತ್ತಿದ್ದರು. ವಿಷಯ ಕೇಳಿ ಸೆರಗು ಹೊದ್ದು ಹಿತ್ತಲ ಗೋಡೆಯ ಸಂದಿಯಿಂದ ಬಂದರು. ಪಡಸಾಲೆಯಲ್ಲಿ ಜಮಖಾನೆ ಬಿಟ್ಟು ಬರಿ ನೆಲದ ಮೇಲೆ ಕೂರಲು ಹೋದರು. ಗೆಳತಿಯೇ ಅವರ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

ಆಪಾ ಮೊದಲು ಮನಸ್ಸಿನಲ್ಲೇ ಓದಿದರು. ಓದುತ್ತ ಅವರ ಕಣ್ಣು ಒಮ್ಮೆ ಮಗುವಿನ ಕಡೆ ಹೋಯಿತು. ಆಮೇಲೆ ನನ್ನ ಕಡೆ.

"ಇದ್ದದ್ದು ಇದ್ದಂಗ ಹೇಳ್ರಿ," ಅಂದಳು ಗೆಳತಿ. "ನೀವೂ ಅರ್ಧಕ್ಕ ಬಿಡಬ್ಯಾಡ್ರಿ."

ಆಪಾ ಹೇಳಿದರು. ಮೊದಲು ಕುಶಲ, ಆಮೇಲೆ ಅಂಗಡಿಯ ಸುದ್ದಿ. ಮಾವ ಓದಿದ್ದು ಅಲ್ಲಿಯವರೆಗೆ. ಮುಂದೆ ಹೀಗಿತ್ತು: "ಅಕ್ಕನ ದುಃಖ ನೋಡಾಕ ಆಗವಲ್ದು. ಮದುವ್ಯಾಗಿ ಇಷ್ಟ ವರ್ಷ ಆದ್ರೂ ಮಕ್ಕಳಿಲ್ಲ. ನಮಗ ಮೂರು ಹೆಣ್ಣು ಅದಾವ. ಸಣ್ಣಾಕಿನ್ನ ಅಕ್ಕಗ..." ಅಲ್ಲಿ ಆಪಾ ತಡವರಿಸಿದರು. "ಗೋದ್ ಅಂತ ಬರದಾರ. ನಿಮ್ಮಾಗ ಏನಂತೀರಿ? ಉಡಿ. ಅಕ್ಕನ ಉಡ್ಯಾಗ ಹಾಕ್ತೇನಿ ಅಂತ ಮಾತು ಕೊಟ್ಟೇನಿ ಅಂತ. ಹುಣ್ಣಿವಿ ಆದ ಮ್ಯಾಲಿನ ಶನಿವಾರ, ಅಂದ್ರ ಇದ ಶನಿವಾರ, ಅಕ್ಕನ ಗಂಡ ಬರ್ತಾರ, ಕೂಸಿನ್ನ ಕಳಸ್ರಿ ಅಂತ. ಕೂಸಿನ ತಾಯಿಗೆ ಮೊದಲ ಹೇಳಬ್ಯಾಡ್ರಿ, ಊಟ ಬಿಡ್ತಾಳ ಅಂತ."

ಗೆಳತಿ ಮಗುವಿನ ಬಾಯಿಗೆ ಅಂಟಿದ ಅರಿಶಿಣದ ಚುರುಮುರಿ ಒರೆಸಿದಳು.

"ಶನಿವಾರ ಅಂದ್ರ ನಾಡಿದ್ದ ಕಳದ್ರ," ಅಂದಳು.

ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡಿದೆವು. ಗಾಣದ ಅಕ್ಕ, ಕೂಸನ್ನು ತವರಿಗೆ ಕಳಿಸು ಅಂದಳು. ಗೆಳತಿಗೆ ತವರಿನಲ್ಲಿ ಉಳಿದಿದ್ದವನು ಒಬ್ಬ ತಮ್ಮ, ಅವನೂ ಅವಳ ಮಾವನ ಮಾತು ಮೀರುವವನಲ್ಲ. ನಾನು ಗೌಡರ ಸೊಸೆಗೆ, "ನಿಮ್ಮ ಮಾವನಿಂದ ಒಂದ್ ಮಾತು ಹೇಳಸ್ರಿ. ಗೌಡರು ಹೇಳಿದ್ರ ಕೇಳ್ತಾರ," ಅಂದೆ. ಅವಳ ಕಣ್ಣು ತುಂಬಿದವು. "ನಾನು ಮಾವನ ಮುಂದ ನಿಂತು ಇವತ್ತಿಗೂ ಮಾತಾಡಿಲ್ಲ," ಅಂದಳು. ಅತ್ತೆ, "ಮಕ್ಕಳಿಲ್ಲದಾಕಿ ದುಃಖಾನೂ ದುಃಖನ," ಅಂದರು. ಅದೂ ಸುಳ್ಳಲ್ಲ.

ಗೆಳತಿಯೇ ಆಪಾನನ್ನು ಕೇಳಿದಳು, "ನಾ ಹೇಳಿದ್ದು ನೀವು ಬರೀತೀರೇನ್ರಿ? ಅವರಿಗೆ?"

ನಾನು ಒಳಗಿನಿಂದ ಮಸಿಯ ದೌತಿ, ಬರೆಯುವ ಟಾಕು ಮತ್ತು ನನ್ನ ಸಾಲಿಯ ವಹಿಯಿಂದ ಹರಿದ ಹಾಳೆ ತಂದುಕೊಟ್ಟೆ. ಆ ದಿನ ನಾನು ಮಾಡಲು ಆದದ್ದು ಅಷ್ಟೆ. ಆಪಾ ಬಲಗಡೆಯಿಂದ ಬರೆಯಲು ಸುರು ಮಾಡಿದರು.

"ಕೂಸಿನ್ನ ಕೊಡಂಗಿಲ್ಲ ಅಂತ ಬರೀರಿ," ಅಂದಳು ಗೆಳತಿ. ಆಪಾ ಬರೆದರು. "ನನ್ನ ಒಂದ್ ಮಾತು ಕೇಳಬೇಕಿತ್ತು ಅಂತ ಬರೀರಿ." ಬರೆದರು. ಕಾಗದ ಹೈದರಾಬಾದು ಮುಟ್ಟುವುದರೊಳಗೆ ಶನಿವಾರ ಬಂದು ಹೋಗಿರುತ್ತದೆ ಎನ್ನುವುದು ಅವಳಿಗೂ ಆಗಲೇ ತಿಳಿದಿರಬೇಕು. ಮುಂದೆ ಹೇಳಿದ್ದು ಬೇರೆಯೇ.

"ಆಕಿ ಬರೇ ಹಾಲು ಕುಡಿಯಂಗಿಲ್ಲ. ಒಂದೀಟು ಬೆಲ್ಲ ಹಾಕಬೇಕು. ಎಡ ಕಿವಿ ಸೋರ್ತದ, ತಲಿ ಎರಿಯೋ ಮುಂದ ಎಣ್ಣಿ ಹತ್ತಿ ಇಡಬೇಕು. ಕೋಣ್ಯಾಗ ಒಬ್ಬಾಕಿನ್ನ ಬಿಟ್ರ ಅಂಜತಾಳ. ಅತ್ರ ಬಡೀಬಾರದು, ಎತಗೊಂಡ್ರ ಸುಮ್ಮ ಆಗ್ತಾಳ. ಬರದ್ರ್ಯಾ?"

"ಬರದೆ," ಅಂದರು ಆಪಾ. ಅವರ ಟಾಕು ನಿಂತಿತ್ತು, ಮತ್ತೆ ನಡೆಯಿತು. ನಾನು ಆ ಅಕ್ಷರಗಳನ್ನೇ ನೋಡುತ್ತ ಕೂತೆ. ಯಾವುದು ಬೆಲ್ಲ, ಯಾವುದು ಕಿವಿ ಎಂದು ಗುರುತಾಗಲಿಲ್ಲ.

ಅವಳು ಎರಡೂ ಕಾಗದ ಕುಪ್ಪಸದಲ್ಲಿ ಇಟ್ಟುಕೊಂಡು, ಒಂದನ್ನು ಮಾವನ ಕಿಸೆಗೆ ಹಿಂದಿರುಗಿಸಲು ಲಗುಬಗೆಯಿಂದ ಹೋದಳು. ಮಾಡಿಟ್ಟ ಶೇಂಗಾದ ಉಂಡೆ ಯಾರೂ ಮುಟ್ಟಿರಲಿಲ್ಲ. ನಾನು ನಾಲ್ಕು ಉಂಡೆ ಮಗುವಿನ ಲಂಗದಲ್ಲಿ ಹಾಕಿ ಕಟ್ಟಿದೆ.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ನೀವಾದರೂ ಅವಳ ಮಾವನಿಗೆ ಹೇಳಿ ಎಂದು ಕೈ ಮುಗಿದೆ. ಅವರು, "ಮನಿ ಮಂದಿ ಕೊಡ್ತೇವಿ ಅಂತಾರ, ಮನಿ ಮಂದಿ ತಗೋತೇವಿ ಅಂತಾರ. ನಡು ನಾ ಯಾರಂತ ಹೋಗ್ಲಿ?" ಅಂದರು. ಮರುದಿನ ಅವರು ಹೋಗಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಅದನ್ನು ನೆನೆದಾಗ ಈಗಲೂ ನನ್ನ ಮೇಲೆ ನನಗೇ ಬೇಸರ.

ಶನಿವಾರ ಹೈದರಾಬಾದಿನ ಅಕ್ಕನ ಗಂಡ ಬಂದ. ಕೆಟ್ಟ ಮನುಷ್ಯನಲ್ಲ. ಮಗುವಿಗೆ ಜರಿಯ ಟೊಪ್ಪಿಗೆ, ಗೆಳತಿಗೆ ಒಂದು ಸೀರೆ ತಂದಿದ್ದ. ಮಾವ ಸೊಸೆಯ ಮುಂದೆ ಕೂತು, ತನಗೂ ಇದು ಕಷ್ಟ ಎಂದು ಕಣ್ಣು ಒರೆಸಿಕೊಂಡನಂತೆ. ಆದಿತ್ಯವಾರ ಮುಂಜಾನೆ ಗಾಣಗಾಪುರ ಸ್ಟೇಷನ್ನಿಗೆ ಗಾಡಿ ಹೊರಟಿತು. ನಾನು ನಮ್ಮ ಹೊಸ್ತಿಲಲ್ಲಿ ನಿಂತಿದ್ದೆ. ಗೆಳತಿ ಮಗುವಿನ ತಲೆ ಬಾಚಿ ಎರಡು ಜಡೆ ಹಾಕಿ, ಒಂದು ಬಿಚ್ಚಿ ಮತ್ತೆ ಹಾಕಿದಳು. ಮಗುವಿಗೆ ಗಾಡಿ ಹತ್ತುವ ಹಿಗ್ಗು. "ಅವ್ವ, ನೀನೂ ಬಾ," ಅಂದಿತು. "ಹಿಂದಿಂದ ಬರ್ತೇನಿ," ಅಂದಳು ಅವಳು.

ಆಪಾ ಬರೆದ ಕಾಗದ ಅದೇ ವಾರ ಟಪಾಲಿಗೆ ಹೋಗಿತ್ತು. ಗೆಳತಿಗೆ ಉತ್ತರ ಬರಲಿಲ್ಲ, ಮಾವನಿಗೆ ಬಂತು. ಬರೆದುಕೊಟ್ಟವರು ಯಾರು ಎಂದು ಗಂಡ ಕೇಳಿದ್ದ. ಸುದ್ದಿ ಗುಮಾಸ್ತರ ಕಿವಿಗೂ ಬಿತ್ತು. ಮಂದಿಯ ಮನೆಯ ಕಾಗದ ಬರೆಯಬೇಡ ಎಂದು ಅವರು ಆಪಾಗೆ ಕಟ್ಟಪ್ಪಣೆ ಮಾಡಿದರು. ಗೋಡೆಯ ಮೇಲಿಂದ ಮೊಸರು ಬರುವುದು ನಿಲ್ಲಲಿಲ್ಲ, ಆದರೆ ಆಪಾ ನಮ್ಮ ಪಡಸಾಲೆಗೆ ಮತ್ತೆ ಬರಲಿಲ್ಲ. ಗೌಡರ ಸೊಸೆಯನ್ನು ಎರಡನೆಯ ಸಲ ಕಳಿಸಲಿಲ್ಲ. ಗಾಣದ ಅಕ್ಕನೊಬ್ಬಳು ಒಂದು ದಿನ ಬಂದು, ಯಾವ ಕೆಲಸವನ್ನೂ ತಾರದೆ ಕೂತು ಕೇಳಿದಳು. ಇಬ್ಬರೇ ಎಷ್ಟು ದಿನ ಓದುವುದು? ಅದೂ ನಿಂತಿತು.

ಹುಡುಗಿ ಆರು ವರ್ಷಗಳ ನಂತರ ಬಂದಳು, ತನ್ನ ಹಿರಿಯಕ್ಕನ ಮದುವೆಗೆ. ಹತ್ತು ವರ್ಷದವಳು, ಎತ್ತರ, ಮಾತೆಲ್ಲ ಅರ್ಧ ಉರ್ದು. ತಾಯಿಯನ್ನು ಮಾಮಿ, ಅಂದರೆ ಸೋದರಮಾವನ ಹೆಂಡತಿ, ಎಂದು ಕರೆಯುತ್ತಿದ್ದಳು. ಯಾರೋ ಹಾಗೆ ಕಲಿಸಿದ್ದರು. ಎಂಟು ದಿನ ಇದ್ದು ಹೊರಟಾಗ ಅವಳು ಅಳಲಿಲ್ಲ. ಎಲ್ಲರ ಕಾಲು ಮುಟ್ಟಿ ಗಾಡಿಯಲ್ಲಿ ಕೂತಳು. ಗೆಳತಿಯೂ ಅಳಲಿಲ್ಲ. "ಚೊಲೋ ಇಟ್ಟಾರ. ಮೈ ಕೈ ತುಂಬಿಕೊಂಡಾಳ," ಅಂದಳು ನನಗೆ. ಅದನ್ನು ಕೇಳಿ ನನಗೇ ತಡೆಯಲಾಗಲಿಲ್ಲ. ಓಣಿಯ ನಡುವೆ, ಮದುವೆಯ ಮಂದಿಯೆಲ್ಲ ನೋಡುತ್ತಿರಲು, ನಾನು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರುತ್ತ, "ಸುಮ್ಮಾಗ್ಬೇ, ಸುಮ್ಮಾಗು," ಅನ್ನುತ್ತ ನನ್ನನ್ನು ಒಳಗೆ ಕರೆದುಕೊಂಡು ಹೋದಳು.